ದಿನಕ್ಕೆ 20 ಕಿಲೋಮೀಟರ್

ಸರ್ಕಾರಿ ಕಾಗದದಲ್ಲಿ ಸತ್ಯ ಸಿಗುವುದಿಲ್ಲ ಎಂದು ಗೊಣಗುವವರು ಜಿಎಸ್‌ಟಿ ನಿಯಮಗಳಲ್ಲಿ ಇ-ವೇ ಬಿಲ್ಲಿನ, ಅಂದರೆ ಸರಕು ಸಾಗಿಸುವಾಗ ಲಾರಿಯ ಜತೆಗಿರಬೇಕಾದ ಆನ್‌ಲೈನ್ ರಹದಾರಿಯ, ವಾಯಿದೆ ಹೇಳುವ ಭಾಗವನ್ನು ಒಮ್ಮೆ ಓದಬೇಕು. ಮಾಮೂಲಿ ಲಾರಿಗೆ ದಿನಕ್ಕೆ 200 ಕಿ.ಮೀ. ಲೆಕ್ಕ. ಮೊದಲು 100 ಇತ್ತು. 2021ರ ಹೊಸ ವರ್ಷದ ದಿನ ದುಪ್ಪಟ್ಟಾಯಿತು, ರಾತ್ರೋರಾತ್ರಿ ರಸ್ತೆಗಳೆಲ್ಲ ಸುಧಾರಿಸಿದವೋ ಏನೋ. ಟ್ರಾನ್ಸ್‌ಫಾರ್ಮರು, ಬಾಯ್ಲರು, ಗಾಳಿಯಂತ್ರದ ರೆಕ್ಕೆ ಇಂಥ ಅಳತೆ ಮೀರಿದ ಸರಕು ಹೊತ್ತ ಟ್ರೇಲರಿಗೆ ಮಾತ್ರ ದಿನಕ್ಕೆ 20 ಕಿ.ಮೀ.

ಮಂಗಳೂರಿನ ಪಣಂಬೂರು ಬಂದರಿನಿಂದ ಬೆಂಗಳೂರಿಗೆ ಸುಮಾರು 360 ಕಿ.ಮೀ. ಅಲ್ಲಿಗೆ 18 ದಿನ. ಶಿವರಾತ್ರಿಗೆ ಬೆಂಗಳೂರಿನಿಂದ ಧರ್ಮಸ್ಥಳಕ್ಕೆ ಹೊರಡುವ ಪಾದಯಾತ್ರಿಗಳು ಕಾಲಿಗೆ ಬೊಬ್ಬೆ ಎದ್ದರೂ, ಸಿಕ್ಕಸಿಕ್ಕಲ್ಲಿ ಪಾನಕ ಮಜ್ಜಿಗೆಗೆ ನಿಂತರೂ ಇದಕ್ಕಿಂತ ಬೇಗ ಘಟ್ಟ ಇಳಿಯುತ್ತಾರೆ. ನಗಬೇಡಿ. ಮಳೆಗಾಲದಲ್ಲಿ ಆ ದಾರಿಯ ಶಿರಾಡಿ ಘಾಟಿ ಕಂಡವರನ್ನು ಕೇಳಿ, 20 ಕೂಡ ಸ್ವಲ್ಪ ಜಾಸ್ತಿಯೇ ಆಯಿತು ಅನ್ನುತ್ತಾರೆ.

ಕರಾವಳಿಯಿಂದ ಲೋಡು ಮೇಲೆ ಹತ್ತಿಸಲು ನಕ್ಷೆಯಲ್ಲಿ ದಾರಿಗಳಿಗೇನೂ ಬರವಿಲ್ಲ. ಆಗುಂಬೆಯ 14 ತಿರುವುಗಳಲ್ಲಿ ಟ್ರೇಲರಿನ ಮೂತಿ ತಿರುಗುವಷ್ಟರಲ್ಲಿ ಬಾಲ ಕಣಿವೆ ನೋಡುತ್ತಿರುತ್ತದೆ, ಹಾಗಾಗಿ ಅಲ್ಲಿ ಭಾರಿ ವಾಹನ ಕೂಡದು. ಚಾರ್ಮಾಡಿ 2019ರಲ್ಲಿ ಕುಸಿದ ಮೇಲೆ ಅಲ್ಲೂ ಕೂಡದು. ಕೊಡಗಿನಲ್ಲಿ ಮಳೆ ಹನಿಯುವ ಹೊತ್ತಿಗೆ ಜಿಲ್ಲಾಡಳಿತದ ಆದೇಶವೂ ಹನಿಯುತ್ತದೆ. ಒಂದು ಜಿಲ್ಲೆಯ ಆದೇಶ ಲಾರಿಯನ್ನು ಪಕ್ಕದ ಜಿಲ್ಲೆಯ ಘಾಟಿಗೆ ಕಳಿಸುತ್ತದೆ, ಪಕ್ಕದ ಜಿಲ್ಲೆಯವರು ಅದನ್ನು ಅಷ್ಟೇ ಗೌರವದಿಂದ ಹಿಂದಕ್ಕೆ ಕಳಿಸುತ್ತಾರೆ. ಅತಿಥಿ ಸತ್ಕಾರದಲ್ಲಿ ಮಲೆನಾಡಿನವರು ಎತ್ತಿದ ಕೈ.

ಉಳಿದದ್ದು ಶಿರಾಡಿ. ಅದನ್ನು 2015ರಲ್ಲಿ ತಿಂಗಳುಗಟ್ಟಲೆ ಮುಚ್ಚಿ ಒಂದು ಭಾಗಕ್ಕೆ ಕಾಂಕ್ರೀಟ್ ಹಾಕಿದರು. ಮಿಕ್ಕ ಭಾಗಕ್ಕೆಂದು 2018ರ ಜನವರಿಯಲ್ಲಿ ಮತ್ತೆ ಮುಚ್ಚಿ ಜುಲೈನಲ್ಲಿ ತೆರೆದರು. ಆಗಸ್ಟಿನಲ್ಲಿ ಗುಡ್ಡವೇ ಬಂದು ಮುಚ್ಚಿತು. ಗುಡ್ಡಕ್ಕೆ ಟೆಂಡರು, ಬಿಲ್ಲು, ಪರ್ಸೆಂಟೇಜು ಯಾವುದರ ರಗಳೆಯೂ ಇಲ್ಲ ನೋಡಿ, ಕೆಲಸ ಬಲು ಚುರುಕು.

ಆಮೇಲೆ ಚತುಷ್ಪಥದ ಸಂಭ್ರಮ. ಸಕಲೇಶಪುರದಿಂದ ಮಾರನಹಳ್ಳಿ ಕಡೆಗೆ ಹೋಗುವಾಗ ನೋಡಿ, ಗುಡ್ಡವನ್ನು ನೆಟ್ಟಗೆ ಕಡಿದಿಟ್ಟಿದ್ದಾರೆ. ನೀರು ಕುಡಿದ ಮಣ್ಣು ನೆಟ್ಟಗೆ ನಿಲ್ಲುವುದಿಲ್ಲ ಅನ್ನುವುದು ಇಲ್ಲಿನ ಕಾಫಿ ತೋಟದ ಆಳುಮಗನಿಗೂ ಗೊತ್ತು. ಡಿಪಿಆರ್ ಎಂಬ ಯೋಜನಾ ವರದಿ ಬರೆದವರು ಅವನನ್ನು ಕೇಳಲಿಲ್ಲ, ಅವನೂ ಕೂಲಿ ಬಿಟ್ಟು ಹೇಳಲು ಹೋಗಲಿಲ್ಲ. 2024ರ ಜುಲೈನಲ್ಲಿ ದೊಡ್ಡತಪ್ಪಲೆಯ ಹತ್ತಿರ ಗುಡ್ಡ ರಸ್ತೆಗಿಳಿಯಿತು. ಅದೇ ತಿಂಗಳು ಬದಲಿ ದಾರಿ ಎಂದು ತೋರಿಸಬಹುದಾಗಿದ್ದ ಕರಾವಳಿ ಹೆದ್ದಾರಿಯ ಮೇಲೂ ಅಂಕೋಲಾದ ಶಿರೂರಿನಲ್ಲಿ ಗುಡ್ಡ ಬಿತ್ತು. ಅಲ್ಲಿ ಚಹಾದಂಗಡಿಯೂ ಹೋಯಿತು, ಲಾರಿ ನಿಲ್ಲಿಸಿಕೊಂಡಿದ್ದವರೂ ಹೋದರು. ಮರದ ದಿಮ್ಮಿ ಹೊತ್ತಿದ್ದ ಲಾರಿಯೊಂದು ಗಂಗಾವಳಿ ನದಿಯ ತಳದಿಂದ ಮೇಲೆ ಬಂದದ್ದು ಸೆಪ್ಟೆಂಬರಿನಲ್ಲಿ. ಆ ವಿಷಯದಲ್ಲಿ ತಮಾಷೆಗೆ ಬಾಯಿ ಬರುವುದಿಲ್ಲ.

ಇಷ್ಟೆಲ್ಲ ಆಗುವಾಗ ಕರಾರುವಾಕ್ಕಾಗಿ ನಡೆಯುವುದು ಇ-ವೇ ಬಿಲ್ಲಿನ ಗಡಿಯಾರ ಒಂದೇ. ರಸ್ತೆ ನಿಂತರೂ ಅದು ನಿಲ್ಲದು. ವಾಯಿದೆ ಮುಗಿಯುವ 8 ಗಂಟೆ ಮೊದಲಿನಿಂದ ಮುಗಿದು 8 ಗಂಟೆಯೊಳಗೆ ವಿಸ್ತರಿಸಿಕೊಳ್ಳಬೇಕು. ತಪ್ಪಿ ಸಿಕ್ಕಿಬಿದ್ದರೆ ತೆರಿಗೆಯ ಎರಡು ಪಟ್ಟು ದಂಡ ಕಟ್ಟಿ ಲಾರಿ ಬಿಡಿಸಿಕೊಳ್ಳಬೇಕಾಗಬಹುದು. ಶಿರಾಡಿಯ ಬುಡದ ಗುಂಡ್ಯದ ಹತ್ತಿರ ಸಾಲುಗಟ್ಟಿ ನಿಂತ ಲಾರಿಗಳಲ್ಲಿ ಒಂದು ಲೋ-ಬೆಡ್ ಟ್ರೇಲರ್ ಇತ್ತು. ಮೇಲೆ ಟಾರ್ಪಾಲು ಹೊದ್ದ ಯಂತ್ರ, ಸರಪಳಿ ಬಿಗಿದ ಕಡೆ ಮಳೆ ನೀರು ಸೋರಿ ತುಕ್ಕಿನ ಗೆರೆ. ಕೆಳಗೆ ಚಕ್ರಗಳ ನಡುವೆ ಕ್ಲೀನರ್ ಹುಡುಗ ಸ್ಟೌ ಹಚ್ಚಿ ಅನ್ನಕ್ಕೆ ಇಟ್ಟಿದ್ದ. ಡ್ರೈವರ್ ಟವರ್ ಸಿಗಲೆಂದು ಕ್ಯಾಬಿನ್ ಮೇಲೆ ಹತ್ತಿ ನಿಂತು ಮಾಲೀಕರ ಜತೆ ಕೂಗಾಡುತ್ತಿದ್ದ. ವಿಸ್ತರಣೆಗೆ ಕಾರಣ ಆರಿಸಬೇಕಂತೆ: ನೈಸರ್ಗಿಕ ವಿಕೋಪ, ಕಾನೂನು ಸುವ್ಯವಸ್ಥೆ, ಅಪಘಾತ, ಹೀಗೆ.

“ಯಾವುದು ಹಾಕಿಸ್ತೀಯಪ್ಪಾ?” ಅಂದೆ.

“ಎಲ್ಲಾನೂ ಹೌದು ಸಾರ್. ಒಂದೇ ಒತ್ತಕ್ಕಾಗೋದು.”

ಸುರಂಗದ ಮಾತು ಹೇಳದಿದ್ದರೆ ಮಂತ್ರಿಗಳು ಬೇಸರ ಮಾಡಿಕೊಂಡಾರು. ಶಿರಾಡಿಯಡಿ ಸುರಂಗ ಕೊರೆಯುವ ಯೋಜನೆ ವರ್ಷಗಳಿಂದ ಸಿದ್ಧವಾಗುತ್ತಲೇ ಇದೆ. ನೆರವು ಕೊಡುವವರೆಂದು ಜಪಾನಿನ ಹೆಸರೂ ಬಂತು, ಹೋಯಿತು. ಇದೇ ಬೆಟ್ಟಸಾಲಿನಲ್ಲಿ ಸಕಲೇಶಪುರದಿಂದ ಸುಬ್ರಹ್ಮಣ್ಯ ರೋಡ್‌ವರೆಗೆ ರೈಲ್ವೆಯವರು 57 ಸುರಂಗ ಕೊರೆದು 1979ರಲ್ಲೇ ರೈಲು ಓಡಿಸಿದ್ದರು. (ಅಲ್ಲೂ ಗುಡ್ಡ ಜರಿಯುತ್ತದೆ, ಆ ಮಾತು ಬೇರೆ.) ಕೊಂಕಣ ರೈಲ್ವೆಯವರಂತೂ 1999ರಿಂದ ಲೋಡಾದ ಲಾರಿಯನ್ನೇ ವ್ಯಾಗನ್ ಮೇಲೆ ಕೂರಿಸಿಕೊಂಡು ಹೋಗುತ್ತಿದ್ದಾರೆ. ಮಹಾರಾಷ್ಟ್ರದ ಕೋಲಾಡಿನಲ್ಲಿ ಹತ್ತಿದ ಲಾರಿ ಸುರತ್ಕಲ್ಲಿನಲ್ಲಿ ಇಳಿಯುತ್ತದೆ, ಡ್ರೈವರ್ ದಾರಿಯುದ್ದಕ್ಕೂ ನಿದ್ದೆ ಹೊಡೆಯಬಹುದು. ಬೆಂಗಳೂರಿನ ಲೋಡಾದರೆ ಅಲ್ಲಿಂದ ಮುಂದೆ ನಮ್ಮ ಶಿರಾಡಿ, ಎಚ್ಚರ ತಾನಾಗಿ ಆಗುತ್ತದೆ.

ನನ್ನದೊಂದು ಸಲಹೆ. ಕಾನೂನು ಎಲ್ಲರಿಗೂ ಒಂದೇ ಅನ್ನುವುದಾದರೆ ಗುಡ್ಡಕ್ಕೂ ಅನ್ವಯವಾಗಲಿ. ಅಳತೆ ಮೀರಿದ ಸರಕು ಅದು. ಇ-ವೇ ಬಿಲ್ ಇಲ್ಲ, ಫಿಟ್‌ನೆಸ್ ಸರ್ಟಿಫಿಕೇಟ್ ಇಲ್ಲ, ಫಾಸ್ಟ್ಯಾಗ್ ಇಲ್ಲ. ರಾತ್ರಿ ಸಂಚಾರ ನಿಷೇಧವನ್ನೂ ಲೆಕ್ಕಿಸದೆ ನಡುರಾತ್ರಿಯಲ್ಲೇ ಹೊರಡುತ್ತದೆ, ರಾಷ್ಟ್ರೀಯ ಹೆದ್ದಾರಿಗೆ ಅಡ್ಡಡ್ಡ ಸಾಗುತ್ತದೆ. ಎರಡು ಪಟ್ಟು ದಂಡ ಜಡಿದು ನೋಟಿಸ್ ಕೊಡಲಿ. ತೊಡಕೇನೆಂದರೆ ಸರಕಿನ ವಾರಸುದಾರ ಯಾರು? ಹೆದ್ದಾರಿಯವರು ಅರಣ್ಯ ಇಲಾಖೆಯ ಕಡೆ ಬೆರಳು ತೋರಿಸುತ್ತಾರೆ, ಅರಣ್ಯದವರು ಗುತ್ತಿಗೆದಾರನ ಕಡೆ, ಗುತ್ತಿಗೆದಾರ ಮಳೆಯ ಕಡೆ. ಕೊನೆಗೆ ನೋಟಿಸನ್ನು ಮಳೆಗೇ ಕೊಡುವುದೆಂದು ತೀರ್ಮಾನವಾಗಿ ಜವಾನನೊಬ್ಬನನ್ನು ಜೀಪಿನಲ್ಲಿ ಕಳಿಸಿದರು ಎನ್ನಿ. ಅವನೂ ಸಕಲೇಶಪುರ ದಾಟಿದೊಡನೆ ಸಿಗುವ ದೋಣಿಗಾಲಿನ ಹತ್ತಿರ ನಿಂತುಬಿಟ್ಟಿರುತ್ತಾನೆ. ಮುಂದೆ ರಸ್ತೆ ಬಂದ್.