ಕಡತ ಮೇಲೆ ಹೋಗಿದೆ

ಕಾಲಿಲ್ಲದ ವಸ್ತುಗಳಲ್ಲಿ ಕಡತದಷ್ಟು ಓಡಾಡುವುದು ಇನ್ನೊಂದಿಲ್ಲ. ಅದು ಮೇಲೆ ಹೋಗುತ್ತದೆ, ಕೆಳಗೆ ಬರುತ್ತದೆ, ಸಹಿಗೆ ಹೋಗುತ್ತದೆ, ಚರ್ಚೆಗೆ ಬರುತ್ತದೆ, ಯಾರದೋ ಮೇಜಿನ ಮೇಲೆ ಮಲಗುತ್ತದೆ, ಇನ್ಯಾರೋ ಫೋನ್ ಮಾಡಿದರೆ ಎದ್ದು ಕೂರುತ್ತದೆ. ಅದೃಷ್ಟವಿದ್ದರೆ ಒಂದು ದಿನ ವಿಲೇವಾರಿಯೂ ಆಗುತ್ತದೆ. ನಮ್ಮ ಆಡಳಿತ ಕನ್ನಡದಲ್ಲಿ ಈ ವಿಲೇವಾರಿಯ ಭಾಗ್ಯ ಹೆಚ್ಚಾಗಿ ಒದಗುವುದು ಕಡತಕ್ಕೆ ಮತ್ತು ಕಸಕ್ಕೆ. ಕಸದ ಗಾಡಿಯಾದರೂ ಬೆಳಿಗ್ಗೆ ಹಾಡು ಹಾಕಿಕೊಂಡು ಬಾಗಿಲಿಗೆ ಬರುತ್ತದೆ.

ಈ ಪದಕ್ಕೆ ಮೊದಲು ಇಷ್ಟು ಗತ್ತು ಇರಲಿಲ್ಲ. ಹಿಂದೆ ಕಡತವೆಂದರೆ ಬರಿಯ ಬಟ್ಟೆ. ಹುಣಿಸೆಬೀಜದ ಸರಿಯನ್ನು ಬಟ್ಟೆಗೆ ಬಳಿದು, ಇದ್ದಿಲಪುಡಿಯಿಂದ ಕಪ್ಪು ಮಾಡಿ, ಒಣಗಿಸಿ, ಹಿಂದೆ ಮುಂದೆ ಮಡಿಸಿದರೆ ಕಡತ ಸಿದ್ಧ. ಬರೆಯುವುದಕ್ಕೆ ಬಳಪ. ವರ್ತಕರ ಸಾಲದ ಲೆಕ್ಕ, ಶಾನುಭೋಗರ ಕಂದಾಯದ ಲೆಕ್ಕ ಎಲ್ಲವೂ ಅದರ ಮೇಲೆಯೇ. ತಪ್ಪು ಕಂಡರೆ ಒದ್ದೆ ಬಟ್ಟೆಯಿಂದ ಒರೆಸುವುದು, ಮತ್ತೆ ಬರೆಯುವುದು. ಇದಕ್ಕೆ ಅರ್ಜಿ ಬೇಕಿರಲಿಲ್ಲ, ಪ್ರಮಾಣಪತ್ರ ಬೇಕಿರಲಿಲ್ಲ. ಒರೆಸಿದರೆ ಅಳಿಸಿಹೋಗುವ ಇಂಥ ಕಡತಗಳು ಶೃಂಗೇರಿ ಮಠದಲ್ಲಿ ನೂರಾರು ವರ್ಷ ಉಳಿದು ಚರಿತ್ರಕಾರರ ಕೈಗೆ ಸಿಕ್ಕಿವೆ. ಶಾಯಿಯಲ್ಲಿ ಬರೆದು, ಮೊಹರು ಒತ್ತಿ, ಬೀರುವಿನಲ್ಲಿಟ್ಟು ಬೀಗ ಹಾಕಿದ ಇಂದಿನ ಕಡತ ಒಬ್ಬ ಗುಮಾಸ್ತರ ವರ್ಗಾವಣೆಯನ್ನೂ ತಾಳಿಕೊಳ್ಳುವುದಿಲ್ಲ.

ಇದೆಲ್ಲ ನನಗೆ ಗೊತ್ತಾದದ್ದು ಕಚೇರಿಯೊಂದರ ಬೆಂಚಿನ ಕೃಪೆಯಿಂದ. ನಮ್ಮ ಜಮೀನಿನ ಪಹಣಿಯಲ್ಲಿ ತಂದೆಯ ಹೆಸರಿನ ಕೊನೆಯ 'ಪ್ಪ' ಬಿದ್ದುಹೋಗಿ 'ಮ್ಮ' ಬಂದು ಕುಳಿತಿತ್ತು. ಹೆಸರು ಹೆಣ್ಣಾದ ಮೇಲೆ ಮುಂದೆ 'ಬಿನ್' ಇರುವುದು ತರವಲ್ಲವೆಂದು ಯಾರೋ ಶಿಸ್ತಿನ ಮನುಷ್ಯ ಅದನ್ನು 'ಕೋಂ' ಮಾಡಿದ್ದ. ಹೀಗೆ ಅಜ್ಜನ ಹಿರಿಯ ಮಗ ಸರ್ಕಾರಿ ದಾಖಲೆಯ ಪ್ರಕಾರ ಅಜ್ಜನ ಹೆಂಡತಿ. ತಂದೆಗೆ ಇದು ತಿಳಿದಾಗ ಅವರು ಮೀಸೆಯ ಮೇಲೆ ಕೈಯಾಡಿಸಿಕೊಂಡರು, ಅಷ್ಟೆ. ತಾಯಿ ಮಾತ್ರ, "ಹಾಗಾದರೆ ಅತ್ತೆಯ ಕಾಟ ಇನ್ನೂ ಮುಗಿದಿಲ್ಲ" ಎಂದು ಒಳಗೆ ಹೋದರು.

ಕಚೇರಿಯ ಹೊರಗೆ ಮರದಡಿ ಕೂರುವ ಅರ್ಜಿ ಬರಹಗಾರರಿಂದ ಅರ್ಜಿ ಬರೆಸಿದೆ. ವಿಷಯ: ಹೆಸರು ತಿದ್ದುಪಡಿ. ಒಳಗೆ ಕೊಟ್ಟೆ. ಮುಂದಿನ ಸಲ ಹೋದಾಗ ಕಡತ ಮೇಲೆ ಹೋಗಿತ್ತು. ಆ ಕಟ್ಟಡಕ್ಕೆ ಮಹಡಿಯೇ ಇರಲಿಲ್ಲ. ಆಮೇಲೆ 'ಚರ್ಚಿಸಿ' ಎಂಬ ಟಿಪ್ಪಣಿ ಹೊತ್ತು ಕೆಳಗೆ ಬಂತು. ಯಾರು, ಯಾರೊಡನೆ, ಏನನ್ನು ಚರ್ಚಿಸಬೇಕು ಎಂಬುದು ಚರ್ಚೆಗೆ ಬರುವ ಮೊದಲೇ ಅದು ಕಾಣೆಯಾಯಿತು. "ಶಿರಸ್ತೇದಾರರನ್ನು ಕಾಣಿ" ಎಂದರು. ಶಿರಸ್ತೇದಾರರು ಸಭೆಯಲ್ಲಿದ್ದರು. ನಾನು ಬೆಂಚಿನಲ್ಲಿದ್ದೆ, ಮೊಬೈಲಿನಲ್ಲಿ ನಿಘಂಟು ಇತ್ತು.

ಶಿರಸ್ತೇದಾರ ಎಂಬುದರಲ್ಲಿ ಸಂಸ್ಕೃತದ 'ಶಿರಸ್ಸು' ಇದೆಯೆಂದೇ ನಾನು ನಂಬಿದ್ದೆ. ತಲೆಯಿರುವವರು ಎಂಬ ಅರ್ಥದಲ್ಲಿ. ಅದು ಪಾರಸಿಯ 'ಸರ್ ರಿಶ್ತಾ ದಾರ್'. ಸರ್ ಎಂದರೆ ತುದಿ, ತಲೆ. ರಿಶ್ತಾ ಎಂದರೆ ದಾರ. ದಾರದ ತುದಿ ಹಿಡಿದವರು, ಅಂದರೆ ದಾಖಲೆಗಳ ಒಡೆಯರು. ಇದೇ ರಿಶ್ತಾಕ್ಕೆ ಉರ್ದು, ಹಿಂದಿಗಳಲ್ಲಿ ನಂಟು ಎಂಬ ಅರ್ಥವೂ ಬಂದಿದೆ. ಇಂಗ್ಲಿಷಿನವರ ಫೈಲ್ ಕೂಡ ಲ್ಯಾಟಿನ್ನಿನ 'ಫಿಲುಂ' ಎಂಬ ದಾರದಿಂದಲೇ ಬಂದದ್ದು. ಕಾಗದಗಳನ್ನು ದಾರಕ್ಕೋ ತಂತಿಗೋ ಪೋಣಿಸಿಡುತ್ತಿದ್ದರಂತೆ. ನಮ್ಮ ಕಿರಾಣಿ ಅಂಗಡಿಯ ತಂತಿಯಲ್ಲಿ ಚುಚ್ಚಿಟ್ಟ ಚೀಟಿಗಳು ನಿಜವಾದ ಫೈಲು. ಅಲ್ಲಿ ಏನೂ ಕಳೆಯುವುದಿಲ್ಲ, ನಾವು ಮರೆತ ಬಾಕಿಯೂ ಸೇರಿದಂತೆ. ಬ್ಯೂರೋ ಎಂಬುದೂ ಮೂಲದಲ್ಲಿ ಬಟ್ಟೆಯೇ, ಫ್ರಾನ್ಸಿನಲ್ಲಿ ಮೇಜಿಗೆ ಹಾಸುತ್ತಿದ್ದ ಒರಟು ಉಣ್ಣೆಬಟ್ಟೆ. ಲೋಕದ ಆಡಳಿತವೆಲ್ಲ ದಾರ, ಬಟ್ಟೆಗಳಿಂದಲೇ ಆಗಿರುವಾಗ ಅದು ಇಷ್ಟು ಸುಲಭವಾಗಿ ಸಿಕ್ಕುಬೀಳುವುದರಲ್ಲಿ ಆಶ್ಚರ್ಯವೇನು?

ಎಲ್ಲಕ್ಕಿಂತ ರುಚಿಯಾದದ್ದು ದಫ್ತರ. ಗ್ರೀಕರ 'ಡಿಫ್ತೆರಾ' ಎಂದರೆ ಹದಮಾಡಿದ ಚರ್ಮ. ಅದರ ಮೇಲೆ ಬರೆಯುತ್ತಿದ್ದರು. ಆ ಪದ ಪರ್ಷಿಯಾದ ದಾರಿಯಲ್ಲಿ ನಮ್ಮಲ್ಲಿಗೆ ಬಂದು ದಫ್ತರವಾಯಿತು. ಯುರೋಪಿನಲ್ಲೇ ಉಳಿದದ್ದು ವೈದ್ಯರ ಕೈಗೆ ಸಿಕ್ಕಿ ಡಿಫ್ತೀರಿಯಾ ಆಯಿತು, ಗಂಟಲಲ್ಲಿ ಚರ್ಮದಂಥ ಪೊರೆ ಕಟ್ಟಿ ಉಸಿರು ತಡೆಯುವ ರೋಗ. ಎರಡೂ ಒಂದೇ ಬೇರಿನವು. ಒಂದಕ್ಕೆ ಮಾತ್ರ ಲಸಿಕೆ ಸಿಕ್ಕಿದೆ. ಈ ಸಂಗತಿಯನ್ನು ಪಕ್ಕದಲ್ಲಿ ಕುಳಿತಿದ್ದ ಹಿರಿಯರಿಗೆ ಉತ್ಸಾಹದಿಂದ ವಿವರಿಸಿದೆ. ಅವರು ಪೂರ್ತಿ ಕೇಳಿ, "ನಿಮ್ಮದು ಎಷ್ಟು ವರ್ಷದಿಂದ ನಡೆಯುತ್ತಿದೆ?" ಎಂದು ಕನಿಕರದಿಂದ ವಿಚಾರಿಸಿದರು.

ಕಡತ ಸಿಕ್ಕಿತು. ಕುಂಟುತ್ತಿದ್ದ ಬೀರುವಿನ ಕಾಲಿಗೆ ಆನಿಸಿದ್ದ ಕಟ್ಟಿನೊಳಗೆ ಅದು ಕ್ಷೇಮವಾಗಿತ್ತು. ಸಹಿಯಾಯಿತು, ಹೊಸ ಪಹಣಿ ಕೈಗೆ ಬಂತು. 'ಮ್ಮ' ಹೋಗಿ 'ಪ್ಪ' ಬಂದಿತ್ತು. ಅದರ ಮುಂದೆ 'ಕೋಂ' ಹಾಗೆಯೇ ಇತ್ತು. ತಂದೆ ಈಗ ಗಂಡಸಾಗಿಯೇ ಅಜ್ಜನ ಹೆಂಡತಿ.

ಶಿರಸ್ತೇದಾರರು ಕನ್ನಡಕ ಏರಿಸಿ ನನ್ನ ಅರ್ಜಿಯನ್ನು ಇನ್ನೊಮ್ಮೆ ಓದಿದರು. "ನೀವು ಕೇಳಿರುವುದು ಹೆಸರಿನ ತಿದ್ದುಪಡಿ. ಸಂಬಂಧದ ತಿದ್ದುಪಡಿಗೆ ಬೇರೆ ಕಡತ ತೆರೆಯಬೇಕು" ಎಂದರು.