ಉಪಚಾರ ಬೇಡದ ನೆಂಟ

ಮನೆಗೆ ಬಂದವರನ್ನು ಸುಮ್ನೆ ಬಿಡುವ ಅಭ್ಯಾಸ ನಮ್ಮವರಿಗಿಲ್ಲ. ಕೈಕಾಲು ತೊಳೆಯುವಷ್ಟರಲ್ಲಿ ಕಾಫಿ, ಲೋಟ ಕೆಳಗಿಡುವಷ್ಟರಲ್ಲಿ ‘ಊಟಕ್ಕೇಳಿ’. ಸಾಕು ಅಂದರೆ ಇನ್ನೊಂದು ಸೌಟು. ಈಗ ಒಹಾಯೊದ ನಮ್ಮ ಮನೆಗೆ ಬಂದಿರುವ ನೆಂಟನಿಗೆ ಇದ್ಯಾವುದೂ ಬೇಡ. ನಾವೇ ಬೇಡ.

ಮಗ ಹಟ ಹಿಡಿದು ತಂದದ್ದು ಕಾರ್ನ್ ಸ್ನೇಕ್ ಮರಿ. ಕಿತ್ತಳೆ ಮೈ, ಕಪ್ಪು ಅಂಚಿನ ಕೆಂಪು ಮಚ್ಚೆ. ವಿಷವಿಲ್ಲ. ಅಮೆರಿಕದ ಆಗ್ನೇಯ ರಾಜ್ಯಗಳದ್ದು. ಇಲಿ ಹಿಡಿಯುವುದರಲ್ಲಿ ನಮ್ಮ ಕೇರೆ ಹಾವಿನ ಜಾತಿಯೇ. (ಊರಲ್ಲಿ ಕೇರೆ ಹಾವು ಸಾಕಲು ಹೊರಟರೆ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಬಿಡುವುದಿಲ್ಲ. ಬಿಡದಿರುವುದೇ ಒಳ್ಳೆಯದು.)

ತಂದ ಮೇಲೆ ಕಡೇಪಕ್ಷ 1 ವಾರ ಮುಟ್ಟಬಾರದು. ಆಮೇಲೆ ಮೊದಲ ಊಟ. ಎರಡು ಮೂರು ಊಟ ಸರಿಯಾಗಿ ಆದ ಮೇಲೆ ಕೈಗೆತ್ತಿಕೊಳ್ಳುವ ಮಾತು. ಉಂಡ ಮೇಲೂ 2 ದಿನ ಎತ್ತುವ ಹಾಗಿಲ್ಲ, ಗಾಬರಿಯಾದರೆ ನುಂಗಿದ್ದನ್ನು ಕಕ್ಕಿಬಿಡುತ್ತದೆ. ಪಾಪ, ಅದರ ಲೆಕ್ಕದಲ್ಲಿ ಮೇಲಿನಿಂದ ಬರುವುದೆಲ್ಲ ಹದ್ದೇ. ನಮ್ಮ ಪ್ರೀತಿಯ ಕೈಯೂ.

ಅದರ ಗಾಜಿನ ಪೆಟ್ಟಿಗೆ ನೋಡಿ ನನಗೇ ಹೊಟ್ಟೆಕಿಚ್ಚು. ಒಂದು ತುದಿ ಸುಮಾರು 30 ಡಿಗ್ರಿ ಸೆಲ್ಸಿಯಸ್, ಇನ್ನೊಂದು ತುದಿ 24ರ ಆಸುಪಾಸು. ಮೈಯೊಳಗೆ ಶಾಖ ಹುಟ್ಟಿಸಿಕೊಳ್ಳದ ಪ್ರಾಣಿ, ಉಂಡದ್ದು ಅರಗುವುದಕ್ಕೂ ಹೊರಗಿನ ಬಿಸಿಯೇ ಬೇಕು. ಬಚ್ಚಿಟ್ಟುಕೊಳ್ಳುವ ಗೂಡು ಎರಡೂ ಕಡೆ ಇರಬೇಕು. ಒಂದೇ ಕಡೆ ಇಟ್ಟರೆ ಹೆದರಿದ ಹಾವು ಬಿಸಿಯೂ ಬೇಡ, ತಂಪೂ ಬೇಡ ಅಂತ ಅಲ್ಲೇ ಅಡಗಿ ಕೂರುತ್ತದೆ. ಬೇಕಾದ ಹವಾಮಾನ, ಎರಡೆರಡು ಕೋಣೆ, ಯಾರೂ ಮಾತಾಡಿಸದ ಒಂದು ವಾರ. ನನಗೆ ಬಾಣಂತನದಲ್ಲೂ ಸಿಕ್ಕಿರಲಿಲ್ಲ.

ಸುದ್ದಿ ತಿಳಿದು ಗೆಳೆಯರೆಲ್ಲ ಬಂದರು. ಗಾಜು ತಟ್ಟಿದವರನ್ನು ಮಗ ಗದರಿದ. ಹಾವಿಗೆ ಹೊರಗಿವಿ ಇಲ್ಲದಿದ್ದರೂ ಅದುರು ಚೆನ್ನಾಗಿ ತಿಳಿಯುತ್ತದೆ. ಎಲ್ಲರೂ ಖಾಲಿ ಪೆಟ್ಟಿಗೆ ನೋಡಿ, ‘ಚೆನ್ನಾಗಿದೆ’ ಅಂತ ಹೇಳಿ, ಚಕ್ಕುಲಿ ತಿಂದು ಹೋದರು.

ಫ್ರೀಜರಿನಲ್ಲಿ ತೆಂಗಿನತುರಿಯ ಪಕ್ಕ ಇಲಿಮರಿಗಳ ಪ್ಯಾಕೆಟ್ ಇಡುವುದಕ್ಕೆ ನಾನು ಒಪ್ಪಲಿಲ್ಲ. ಗ್ಯಾರೇಜಿಗೆ ಇನ್ನೊಂದು ಪುಟ್ಟ ಫ್ರೀಜರ್ ಬಂತು. ಊಟಗಳೇನೋ ಸರಿಯಾಗಿಯೇ ಆದವು. ಇನ್ನೇನು ಎತ್ತಿಕೊಳ್ಳಬೇಕು ಅನ್ನುವಾಗ ಕಣ್ಣು ಮಂಜಾಯಿತು. ಪೊರೆ ಬಿಡುವ ಸೂಚನೆ. ಆಗ ಅದಕ್ಕೆ ಕಣ್ಣು ಸರಿಯಾಗಿ ಕಾಣದು, ಸಿಡುಕು ಜಾಸ್ತಿ. ಕೈಗೆತ್ತಿಕೊಳ್ಳುವುದು ಮತ್ತೆ ಮುಂದಕ್ಕೆ ಹೋಯಿತು.

ಹಾಸನದಿಂದ ಅಮ್ಮ ವಿಡಿಯೊ ಕಾಲ್ ಮಾಡಿದರು.

“ಹಾಲಿಟ್ಟೆಯೇನೇ?”

“ಹಾವು ಹಾಲು ಕುಡಿಯಲ್ಲಮ್ಮ. ನೀರಿಟ್ಟಿದೀವಿ.”

“ಸರಿ, ತೋರಿಸು.”

“ಕಾಣಲ್ಲ. ಗೂಡೊಳಗಿದೆ.”

“ಎತ್ತಿ ತೋರಿಸು ಮತ್ತೆ.”

“ಈಗ ಮುಟ್ಟಬಾರದಮ್ಮ.”

ಅಮ್ಮ ಒಂದು ಗಳಿಗೆ ಸುಮ್ಮನಾದರು. “ಮುಟ್ಟೋ ಹಾಗಿಲ್ಲ, ನೋಡೋ ಹಾಗಿಲ್ಲ. ಅದಕ್ಕೆ ರಾತ್ರಿ ಹಗಲು ಕರೆಂಟು ಬೇರೆ ಉರಿಸ್ತೀರಾ?”