ವಿಯೆನ್ನಾದಲ್ಲಿ ಒಂದು ಫುಗಡಿ

ನೀವು ಯಾವ ದೇಶಕ್ಕೆ ಹೋಗಿ ಬಂದರೂ ನಮ್ಮ ಗುಳೇದಗುಡ್ಡದಲ್ಲಿ ಮೊದಲು ಕೇಳುವ ಪ್ರಶ್ನೆ ಒಂದೇ. 'ಅಲ್ಲೆ ರೊಟ್ಟಿ ಸಿಗ್ತಾವೇನ್ರಿ?' ಇಲ್ಲ ಅಂದರೆ ಕೇಳಿದವರ ಮುಖದಲ್ಲಿ ಮರುಕ. ಪಾಪ, ಮೂರು ವಾರ ಹೊಟ್ಟೆಗೆ ಏನು ಮಾಡಿಕೊಂಡರೋ! ಮಗಳು ಆಸ್ಟ್ರಿಯಾದ ವಿಯೆನ್ನಾದಲ್ಲಿ ಕೆಲಸಕ್ಕಿದ್ದಾಳೆ. ಡಿಸೆಂಬರಿನಲ್ಲಿ ನಾವಿಬ್ಬರೂ ಅಲ್ಲಿಗೆ ಹೋಗಿ ಬಂದೆವು. ಆವಾಗಿನಿಂದ ಕಟಿಂಗ್ ಅಂಗಡಿಯಲ್ಲೂ ಇದೇ ವಿಚಾರಣೆ.

ನಿಜ ಹೇಳಬೇಕೆಂದರೆ ಎರಡು ಡಬ್ಬಿ ಕಡಕ್ ರೊಟ್ಟಿ, ಶೇಂಗಾ ಚಟ್ನಿ, ಗುರೆಳ್ಳು ಚಟ್ನಿ ಎಲ್ಲಾ ಕಟ್ಟಿಕೊಂಡೇ ಹೋಗಿದ್ದೆವು. ನಾಲ್ಕನೆಯ ದಿನಕ್ಕೆ ಡಬ್ಬಿಯ ನೆನಪೇ ಹಾರಿತು. ಆ ಊರಿನ ಹೆಸರಾಂತ ಸ್ನಿಟ್ಸೆಲ್ ನಮ್ಮಂಥ ಶಾಕಾಹಾರಿಗಳಿಗಲ್ಲ. ಆದರೆ ಸಿಹಿಯ ವಿಷಯದಲ್ಲಿ ಅವರು ನಮ್ಮವರೇ. ಒಂದು ಹೋಟೆಲಿನಲ್ಲಿ ಮುಷ್ಟಿಗಿಂತ ದೊಡ್ಡ, ಬೆಳ್ಳಗಿನ, ಹಬೆಯಲ್ಲಿ ಬೇಯಿಸಿದ ಒಂದು ಉಂಡೆ ತಂದಿಟ್ಟರು. ಗೆರ್ಮ್‌ಕ್ನೋಡೆಲ್ ಅಂತೆ. ಮೇಲೆ ಕಪ್ಪನೆಯ ಪುಡಿ. ನಮ್ಮಾಕೆಯ ಕಣ್ಣರಳಿತು. 'ಗುರೆಳ್ಳು ಪುಡಿ ಹಾಕ್ಯಾರಲ್ರಿ!' ಬಾಯಿಗಿಟ್ಟರೆ ಸಿಹಿ. ಅದು ಗಸಗಸೆ, ಅಲ್ಲಿಯದು ಕಪ್ಪು ಜಾತಿಯದು. ಒಳಗೆ ಹೂರಣದ ಜಾಗದಲ್ಲಿ ಪ್ಲಮ್ ಹಣ್ಣಿನ ಜ್ಯಾಮ್, ಸುತ್ತ ಕರಗಿದ ಬೆಣ್ಣೆ. ಕಡುಬಿಗೆ ಕೋಟು ತೊಡಿಸಿದ ಹಾಗೆ. ಅದರಲ್ಲಿ ತತ್ತಿ ಇರುತ್ತದೋ ಎಂದು ನಾನು ಮಗಳನ್ನು ಕೇಳಲಿಲ್ಲ. ಅವಳೂ ಹೇಳಲಿಲ್ಲ.

ಇನ್ನೊಂದು ದಿನ ಕೈಸರ್‌ಷ್ಮಾರ್ನ್. ದಪ್ಪ ದೋಸೆಯಂಥದ್ದನ್ನು ಬಾಣಲೆಯಲ್ಲೇ ಹರಿದು ಚೂರು ಮಾಡಿ ಸಕ್ಕರೆ ಪುಡಿ ಉದುರಿಸುತ್ತಾರೆ. ಕೈಸರ್ ಅಂದರೆ ಚಕ್ರವರ್ತಿ, ಷ್ಮಾರ್ನ್ ಅಂದರೆ ಏನೋ ಒಂದು ಅಡ್ಡಾದಿಡ್ಡಿ. ಹರಿದ ದೋಸೆಗೆ ಚಕ್ರವರ್ತಿಯ ಹೆಸರು! ಬಿಸಿ ರೊಟ್ಟಿಯನ್ನು ಬೆಳ್ಳುಳ್ಳಿ, ಖಾರದ ಜೊತೆ ಕುಟ್ಟಿದ ನಮ್ಮ ಮುಟಗಿಗೆ ಒಬ್ಬ ಗೌಡನ ಹೆಸರೂ ದಕ್ಕಲಿಲ್ಲ.

ಅಲ್ಲಿಯ ದೊಡ್ಡ ಆಪೆರಾ ಮನೆ, ಅಂದರೆ ಹಾಡುನಾಟಕದ ಮನೆ, 1869ರಲ್ಲಿ ತೆರೆದದ್ದು. 1945ರಲ್ಲಿ ಬಾಂಬು ಬಿದ್ದು ಸುಟ್ಟಿತು. ಹತ್ತು ವರ್ಷ ಪಟ್ಟು ಹಿಡಿದು ಮತ್ತೆ ಕಟ್ಟಿ 1955ರಲ್ಲಿ ಬಾಗಿಲು ತೆಗೆದರಂತೆ. ಕುರ್ಚಿ ಟಿಕೆಟ್ಟಿನ ದರ ಕೇಳಿ ನಾನು ಬಂದ ದಾರಿ ಹಿಡಿದಿದ್ದೆ. ಮಗಳು ತೋಳು ಹಿಡಿದು ನಿಲ್ಲಿಸಿದಳು. ನಿಂತು ನೋಡುವವರಿಗೂ ಜಾಗ ಉಂಟು, ದುಡ್ಡೂ ಕಡಿಮೆ. ಮುಂದೆ ಕಬ್ಬಿಣದ ಸರಳು. ಆಟ ಶುರುವಾಗುವ ಮೊದಲು ಅದಕ್ಕೆ ಸ್ಕಾರ್ಫ್ ಕಟ್ಟಿ ಹೊರಗೆ ಹೋಗಿ ತಿರುಗಾಡಿ ಬರಬಹುದು. ಕಟ್ಟಿದವರ ಜಾಗಕ್ಕೆ ಯಾರೂ ಬರುವುದಿಲ್ಲ. ಬಾಗಲಕೋಟೆ ಬಸ್ ಸ್ಟ್ಯಾಂಡಿನಲ್ಲಿ ಕಿಟಕಿಯಿಂದ ಟಾವೆಲ್ ಒಗೆದು ಸೀಟು ಹಿಡಿದು ಬೆಳೆದವನು ನಾನು. ಹೇಳಿಕೊಡಬೇಕೇ? ಆದರೆ ಆ ದಿನ ಕೊರಳಲ್ಲಿ ಏನೂ ಇರಲಿಲ್ಲ. ಹೆಂಡತಿಯ ಪರ್ಸಿನಲ್ಲಿ ಯಾರಿಗೋ ಕೊಡಲೆಂದು ಒಯ್ದ ಖಣ, ಅಂದರೆ ರವಿಕೆ ಬಟ್ಟೆ, ಇತ್ತು, ನಮ್ಮೂರಿನದೇ, ಕೆಂಪು ಅಂಚಿನದು. ಅದನ್ನೇ ಬಿಗಿದೆ. 'ಉಡಿ ತುಂಬೋ ಖಣಾರೀ ಅದು!' ಎಂದು ಅವಳು ಹಲ್ಲು ಕಡಿಯುವಷ್ಟರಲ್ಲಿ ಗಂಟು ಬಿದ್ದಾಗಿತ್ತು.

ಸರಳಿಗೆ ಟಿವಿಯಂಥ ಸಣ್ಣ ಪರದೆಗಳಿವೆ, ಹಾಡಿನ ಅರ್ಥ ಬರುತ್ತದೆ. ಅವಳು ಒತ್ತಿ ಒತ್ತಿ ಭಾಷೆ ಹುಡುಕಿದಳು. ಜಪಾನಿ ಇತ್ತು, ಕನ್ನಡ ಇಲ್ಲ. 'ಹೋಗ್ಲಿ ಬಿಡ್ರಿ, ಮರಾಠೀನೂ ಇಲ್ಲ' ಎಂದಳು, ಬೆಳಗಾವಿಯಲ್ಲಿ ಕಾಲೇಜು ಓದಿದವಳು.

ಆ ದಿನದ್ದು 'ಡೀ ಫ್ಲೆಡರ್‌ಮಾವ್ಸ್', ಅಂದರೆ ಬಾವಲಿ. ಯೋಹಾನ್ ಸ್ಟ್ರಾಸ್‌ನದು, 1874ರ ಆಟ. ಹೊಸ ವರ್ಷದ ಸುಮಾರಿಗೆ ಅದನ್ನು ಆಡುವುದು ಅಲ್ಲಿಯ ರೂಢಿ. ಜೈಲಿಗೆ ಹೋಗಬೇಕಾದ ಗಂಡ ಕದ್ದು ಪಾರ್ಟಿಗೆ ಹೋಗುತ್ತಾನೆ. ಮುಖವಾಡ ಹಾಕಿ ಬಂದ ಸ್ವಂತ ಹೆಂಡತಿಯನ್ನೇ ಬೇರೆ ಯಾರೋ ಎಂದು ತಿಳಿದು ಮರುಳು ಮಾಡಲು ನೋಡುತ್ತಾನೆ. ಅವಳು ಅವನ ಗಡಿಯಾರ ಹೊಡೆದುಕೊಳ್ಳುತ್ತಾಳೆ. ಬನಶಂಕರಿ ಜಾತ್ರೆಯ ಕಂಪನಿ ನಾಟಕ ನೋಡಿದವರಿಗೆ ಇದಕ್ಕೆ ಆ ಸಣ್ಣ ಪರದೆಯೂ ಬೇಡ. ಮೂರನೆಯ ಅಂಕದಲ್ಲಿ ಫ್ರಾಷ್ ಎಂಬ ಜೈಲಿನ ಕಾವಲುಗಾರ ಕುಡಿದು ತೂರಾಡುತ್ತಾ ಬಂದ. ಅವನದು ಹಾಡಿಲ್ಲದ ಪಾತ್ರ. ಈಚಿನ ಸುದ್ದಿಗಳನ್ನೆಲ್ಲ ಸೇರಿಸಿ ಮಾತು ಬೆಳೆಸುವುದು ಅವನ ಹಕ್ಕು. ನಮ್ಮ ಹಾಸ್ಯಪಾತ್ರದವರು ಎಮ್ಮೆಲ್ಲೆಯಿಂದ ಹಿಡಿದು ಮುಂದಿನ ಸಾಲಿನಲ್ಲಿ ನಿದ್ದೆ ಹೊಡೆಯುವವನ ತನಕ ಯಾರನ್ನೂ ಬಿಡುವುದಿಲ್ಲ, ಅಲ್ವಾ? ಹಾಗೇ. ಒಂದು ಮಾತೂ ತಿಳಿಯದೆ ನಾನು ನಕ್ಕೆ.

ಖಣ ಕಟ್ಟಿದಲ್ಲೇ ಇತ್ತು. ಜಾತ್ರೆಯ ಟೆಂಟಿನಲ್ಲಾದರೆ? ಊರಿಗೆ ಬಂದ ಮೇಲೆ ಅದೂ ಆಯಿತು. ಕುರ್ಚಿಯ ಮೇಲೆ ಟಾವೆಲ್ ಹಾಕಿ ಚಹಾ ಕುಡಿದು ಬಂದರೆ ಅಲ್ಲಿ ಒಬ್ಬ ಕೂತಿದ್ದ. ಟಾವೆಲ್ ಅವನ ತೊಡೆಯ ಮೇಲೆ ನೀಟಾಗಿ ಮಡಚಿತ್ತು. 'ಯಾರರ ಒಯ್ದಾರಂತ ಕಾದೀನ್ರಿ ಸರ್' ಎಂದ.

ಇರಲಿ. ಕುಣಿತದ ಮಾತು ಉಳಿಯಿತು. ಆಪೆರಾಕ್ಕೂ ಮೊದಲಿನದು, ಡಿಸೆಂಬರ್ 31ರದು. ಆ ದಿನ ಗ್ರಾಬೆನ್ ಎಂಬ ಬೀದಿಯಲ್ಲಿ ಬಂದವರಿಗೆಲ್ಲ ವಾಲ್ಟ್ಸ್ ಕಲಿಸುತ್ತಾರೆ. ಒಂದು-ಎರಡು-ಮೂರು, ಒಂದು-ಎರಡು-ಮೂರು. ಶಾಲೆಯ ಲೆಜೀಮಿನಲ್ಲಿ ಪಳಗಿದ ನನ್ನ ಕಾಲಿಗೆ ನಾಲ್ಕು ಬೇಕೇ ಬೇಕು. ಅದೂ ಅಲ್ಲದೆ ಆ ಊರಿನವರು ಎರಡನೆಯ ಪೆಟ್ಟನ್ನು ತುಸು ಅವಸರದಲ್ಲಿ ಹಾಕುತ್ತಾರೆ. ಹೆಂಡತಿಯ ಪಾದ ನಾಲ್ಕು ಸಲ ತುಳಿದು ಗೋಡೆ ಸೇರಿದೆ.

ಹನ್ನೆರಡಕ್ಕೆ ಸ್ಟೀಫನ್ ಚರ್ಚಿನ ಇಪ್ಪತ್ತು ಟನ್ನಿನ ಗಂಟೆ ಬಾರಿಸಿತು. ಎದೆಯೊಳಗೇ ಬಾರಿಸಿದ ಹಾಗಿತ್ತು. ಅದರ ಬೆನ್ನಿಗೇ ಸ್ಟ್ರಾಸ್‌ನ ಡ್ಯಾನ್ಯೂಬ್ ವಾಲ್ಟ್ಸ್. ಬೀದಿಗೆ ಬೀದಿಯೇ ತಿರುಗತೊಡಗಿತು, ಕೋಟು ಟೋಪಿ ಹಾಕಿಕೊಂಡೇ. ನಮ್ಮಾಕೆ ಸ್ವಲ್ಪ ಹೊತ್ತು ನೋಡಿದಳು. ಆಮೇಲೆ, 'ಅಯ್ಯ, ಇದು ನಮ್ಮ ಫುಗಡೀನ ಐತಲ್ರಿ!' ಎಂದವಳೇ ಇಳಕಲ್ ಸೀರೆಯ ನೆರಿಗೆ ಎತ್ತಿ ಸಿಕ್ಕಿಸಿ ಮಗಳ ಕೈ ಹಿಡಿದಳು. ನಾಗರ ಪಂಚಮಿಗೆ ಗೆಳತಿಯರ ಜೊತೆ ಕೈ ಕೈ ಹಿಡಿದು ಸುತ್ತುತ್ತಾ ಆಡಿದ ಫುಗಡಿ. ಮದುವೆಯಾಗಿ ಮೂವತ್ತು ವರ್ಷ ದಾಟಿತು, ಅವಳು ಆಡಿದ್ದನ್ನು ನಾನು ಒಮ್ಮೆಯೂ ನೋಡಿರಲಿಲ್ಲ. ಆಡು ಎಂದೂ ಅಂದಿರಲಿಲ್ಲ. ಮಗಳು ಸುಸ್ತಾಗಿ ಬಿಟ್ಟಳು. ಯಾರೋ ಒಬ್ಬ ಅಜ್ಜಿ, ಉಣ್ಣೆ ಟೋಪಿಯವಳು, ಆ ಖಾಲಿ ಕೈ ಹಿಡಿದಳು. ಇಬ್ಬರೂ ಗರಗರ. ಒಬ್ಬಳದು ಜರ್ಮನ್, ಒಬ್ಬಳದು ಬಾಗಲಕೋಟೆ ಕನ್ನಡ. ನಗು ಮಾತ್ರ ಒಂದೇ ಥರ ಕೇಳುತ್ತಿತ್ತು. ನಾನು ಗೋಡೆಗೆ ಒರಗಿ ಪರ್ಸು ಹಿಡಿದು ನಿಂತಿದ್ದೆ.

ಮಗಳು ವಿಡಿಯೋ ಮಾಡಿ ಮನೆಯ ವಾಟ್ಸಾಪ್ ಗುಂಪಿಗೆ ಹಾಕಿಬಿಟ್ಟಿದ್ದಳು. ನಾವು ಊರು ಮುಟ್ಟುವ ಮೊದಲೇ ಓಣಿಯೆಲ್ಲ ನೋಡಿತ್ತು. ನಮ್ಮಾಕೆಗೆ ಒಳಗೊಳಗೇ ಅಳುಕು, ಅತ್ತೆ ಏನಂದಾರೋ ಎಂದು. ಅವ್ವನಿಗೆ ಎಂಬತ್ತಾರು. ಮೊಮ್ಮಗನ ಫೋನನ್ನು ಕಣ್ಣಿನ ಹತ್ತಿರ ಹಿಡಿದು ಮೂರು ಸಲ ನೋಡಿದಳು. ಸೊಸೆಯನ್ನು ಕರೆದು ತನ್ನೆರಡು ಕೈ ಕತ್ತರಿ ಮಾಡಿ ತೋರಿಸಿದಳು.

'ಕೈ ಹಿಂಗ ಅಡ್ಡ ಹಿಡೀಬೇಕವಾ. ನೀವು ಹಿಡದದ್ದು ನೋಡಿದ್ರ, ಬೀಳದಿದ್ದುದ ಪುಣ್ಯ.'